ಕಡಲಿಗೆ ಸೀರೆ ಸಮೇತ

ನಮ್ಮ ದಾವಣಗೆರೆ ಸೀಮೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿಗೆ ಕಡಲಿಲ್ಲ. ಆದರೇನು, ಸೂಳೆಕೆರೆ ಕೋಡಿ ಬಿದ್ದರೆ ಚನ್ನಗಿರಿಯವರಿಗೆ ಅದೇ ಸಮುದ್ರ, ಹೊನ್ನಾಳಿಯವರಿಗೆ ತುಂಗಭದ್ರೆಯುಂಟು. ಜಗಳೂರಿನವರು ಮಾತ್ರ ಮೋಡ ನೋಡಬೇಕು.

ಕಡಲಿಗೆ ಹೋದರೆ ಒಂದೊಂದು ನಾಡಿನವರದು ಒಂದೊಂದು ರೀತಿ. ಫ್ರೆಂಚರು ಕಡಲತೀರದಲ್ಲಿ ಟವೆಲ್ ಹಾಸಿ, ಕಾದಂಬರಿ ಹಿಡಿದು ಮಲಗುವವರು. ಹೆಂಗಸರು ಮೇಲುಡುಪು ಕಳಚಿದರೂ ಗದ್ದಲವಿಲ್ಲ. ಬ್ರೆಜಿಲ್‌ನಲ್ಲಿ ಬಿಕಿನಿ ಎಷ್ಟೇ ಚಿಕ್ಕದಿರಲಿ, ಬಿಚ್ಚುವಂತಿಲ್ಲ! ರಿಯೊದವರು ಟವೆಲ್ ಬದಲು ‘ಕಾಂಗಾ’ ಎಂಬ ತೆಳುಬಟ್ಟೆ ಹಾಸುತ್ತಾರೆ, ನಿಂತೇ ಹರಟುತ್ತಾರೆ, ತಣ್ಣನೆಯ ‘ಮಾತೆ’ ಚಹಾ ಮಾರುವವನನ್ನು ಕೂಗುತ್ತಾರೆ.

ಹರಟೆ, ತಿಂಡಿಯ ಮಟ್ಟಿಗೆ ನಮ್ಮವರದು ಬ್ರೆಜಿಲ್ ಪಕ್ಷ.

ಬಟ್ಟೆಯ ಮಟ್ಟಿಗೆ ಯಾರ ಪಕ್ಷವೂ ಅಲ್ಲ. ಮುರುಡೇಶ್ವರದ ಅಲೆಗೆ ದಾವಣಗೆರೆ ಸೀಮೆಯ ಕುಟುಂಬ ಸೀರೆ ಸಮೇತ ಇಳಿಯುತ್ತದೆ. ಯಜಮಾನರು ಪ್ಯಾಂಟು ಮಡಚುವುದು ಮೊಣಕಾಲಿಗೆ, ನೆನೆಯುವುದು ಸೊಂಟದವರೆಗೆ. ಚಪ್ಪಲಿ, ಮೊಬೈಲು, ಪರ್ಸುಗಳಿಗೆ ಅಜ್ಜಿಯ ಕಾವಲು. ಮಂಡಕ್ಕಿ ಪೊಟ್ಟಣಕ್ಕೂ ಅವರೇ ದಿಕ್ಕು, ಅದೂ ಅರ್ಧ ಖಾಲಿ.