ಮಂಡಿಯೇ ಸರ್ಟಿಫಿಕೇಟು

ಚಹಾದಂಗಡಿಯ ಬೆಂಚಿನ ಮೇಲೆ ಒಂದು ಕಾಲು ಮಡಿಸಿ, ಇನ್ನೊಂದನ್ನು ಹೋಗಿಬರುವವರಿಗೆಲ್ಲ ಅಡ್ಡವಾಗುವಂತೆ ನೀಡಿಕೊಂಡು ಕೂತ ನಲವತ್ತರ ಆಸುಪಾಸಿನ ಗಂಡಸು ಕಂಡರೆ, ಆತ ಮಾಜಿ ಕಬಡ್ಡಿ ಆಟಗಾರ ಎಂದು ಧೈರ್ಯವಾಗಿ ಹೇಳಬಹುದು. ಲುಂಗಿಯನ್ನು ಮೇಲೆತ್ತಿ ಕಟ್ಟಿರುವುದು ಸೆಕೆಗೆ ಎಂದು ತಿಳಿಯಬೇಡಿ. ಕೆಳಗಿನ ನೀ ಕ್ಯಾಪ್ ಕಾಣಬೇಕಲ್ಲ. ಈ ತಳಿ ಮಂಡ್ಯದಲ್ಲಿದೆ, ಉಡುಪಿಯಲ್ಲಿದೆ, ಹೊನಲು ಬೆಳಕಿನ ಪಂದ್ಯಾವಳಿ ನಡೆಯುವ ಎಲ್ಲ ಊರಲ್ಲೂ ಇದೆ. ಆದರೆ ಕೊಯಮತ್ತೂರಿನ ಮಗ್ಗುಲಿನ ಮದುಕ್ಕರೈ ಕಡೆ ಅದು ಹುಲುಸಾಗಿ ಬೆಳೆಯಲು ಭೂಗೋಳದ ಕಾರಣವೇ ಇದೆ. 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿದ್ದ ಈ ಸೀಮೆಯ ಒಕ್ಕಲಿಗರು, ದೇವಾಂಗದವರು ಇಂದಿಗೂ ಮನೆಯೊಳಗೆ ಕನ್ನಡ ಆಡುತ್ತಾರೆ, ಬೀದಿಗಿಳಿದರೆ ತಮಿಳು. ಕೊಯಮತ್ತೂರಿನ ದೊಡ್ಡ ಮೂಳೆ ಆಸ್ಪತ್ರೆಗಳು ಒಂದು ಕಡೆ ಹತ್ತಿರ, ವಾಳಯಾರ್ ಚೆಕ್‌ಪೋಸ್ಟ್ ದಾಟಿದರೆ ಕೇರಳದ ಎಣ್ಣೆ ವೈದ್ಯ ಇನ್ನೊಂದು ಕಡೆ ಹತ್ತಿರ, ಆಂಧ್ರದ ಪುತ್ತೂರಿನ ಮೂಳೆ ಕಟ್ಟು ಸ್ವಲ್ಪ ದೂರವಾದರೂ ಹೆಸರು ಮಾತ್ರ ನಾಲಿಗೆಯ ಮೇಲೆ. ಹೀಗಾಗಿ ನಮ್ಮ ನಾಯಕನ ಮಂಡಿ ಹೆಂಡತಿಯ ಹತ್ತಿರ ಕನ್ನಡದಲ್ಲಿ ನರಳುತ್ತದೆ, ಗೆಳೆಯರ ನಡುವೆ ಜವ್ವು ಹರಿದದ್ದನ್ನು ತಮಿಳಿನಲ್ಲಿ ವಿವರಿಸುತ್ತದೆ, ಡಾಕ್ಟರ ಮುಂದೆ ಲಿಗಮೆಂಟ್, ಮೆನಿಸ್ಕಸ್ ಎಂದು ಇಂಗ್ಲಿಷಿಗೆ ಹೊರಳುತ್ತದೆ, ಮುರಿವೆಣ್ಣೆ ಕೊಳ್ಳುವಾಗ ಮಲಯಾಳಕ್ಕೂ ಜಗ್ಗುವುದಿಲ್ಲ. ಅವನ ಮಿಕ್ಕ ಅಂಗಗಳಿಗೆ ಇಷ್ಟು ವಿದ್ಯೆ ಹತ್ತಿಲ್ಲ.

ಈ ಮನುಷ್ಯನ ಬಗ್ಗೆ ನನ್ನದೊಂದು ವಾದವಿದೆ. ಅವನ ಮಂಡಿ ವಾಸಿಯಾಗದೆ ಉಳಿದಿರುವುದಕ್ಕೆ ವೈದ್ಯಶಾಸ್ತ್ರದ ಕಾರಣಗಳು ಅರ್ಧ ಮಾತ್ರ. ಮಿಕ್ಕರ್ಧ ಏನೆಂದರೆ, ವಾಸಿಯಾದರೆ ಅವನ ಹತ್ತಿರ ಬೇರೆ ಯಾವ ದಾಖಲೆಯೂ ಉಳಿಯುವುದಿಲ್ಲ. ಕಬಡ್ಡಿ ಆಡಿದವನಿಗೆ ರೈಲ್ವೆಯಲ್ಲೋ ಪೊಲೀಸಿನಲ್ಲೋ ಬ್ಯಾಂಕಿನಲ್ಲೋ ಕ್ರೀಡಾ ಕೋಟಾದ ಕೆಲಸ ಸಿಗಬೇಕಾದರೆ ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಆಡಿದ ಸರ್ಟಿಫಿಕೇಟು ಬೇಕು. ಪೊಂಗಲ್ ಹಬ್ಬಕ್ಕೋ ಮಾರಿಯಮ್ಮನ ಜಾತ್ರೆಗೋ ಹಚ್ಚಿದ ಪಂದ್ಯದಲ್ಲಿ ಹತ್ತು ಹಳ್ಳಿಯ ತಂಡಗಳನ್ನು ಮಣ್ಣು ಮುಕ್ಕಿಸಿದರೂ ಸಿಗುವುದು ಒಂದು ತಗಡಿನ ಕಪ್ಪು, ಒಂದು ಹಾರ, ಏಳು ಜನಕ್ಕೆ ಹಂಚಿದರೆ ಬಿರಿಯಾನಿಗೆ ಸಾಲುವಷ್ಟು ದುಡ್ಡು. ಹಾರ ಮರುದಿನ ಬಾಡುತ್ತದೆ, ಕಪ್ಪಿನ ಹಿಡಿ ಮೂರನೇ ವರ್ಷ ಕಳಚುತ್ತದೆ, ತಂಡದ ಫೋಟೋದಲ್ಲಿ ಇವನ ಮುಖದ ಮೇಲೆ ಊರಿನ ಯಾರೋ ಪ್ರಮುಖರ ಕೈ ಬಂದಿರುತ್ತದೆ. ಕಾಲ ಸರಿದ ಮೇಲೆ ‘ನಾನೂ ಆಡಿದ್ದೆ’ ಎನ್ನಲು ಸಾಕ್ಷಿ ಹೇಳುವುದು ಮಂಡಿಯೊಂದೇ. ಮೆಟ್ಟಿಲು ಹತ್ತುವಾಗ ಅದು ಕಟಕಟ ಎಂದರೆ ಅವನಿಗೆ ನೋವಿನ ಜೊತೆ ಒಂದು ಬಗೆಯ ಸಮಾಧಾನವೂ ಆಗುತ್ತದೆ.

ಸಾಕ್ಷ್ಯವಿಲ್ಲದೆ ಇಂಥ ಆರೋಪ ಹೊರಿಸಬಾರದು. ಮೊದಲಿಗೆ ಗಾಯದ ಕಥೆಯನ್ನೇ ನೋಡಿ. ಬಿದ್ದ ವರ್ಷ ಕೇಳಿದವರಿಗೆ, ಎದುರು ತಂಡದ ಕಾರ್ನರ್ ಹುಡುಗನೊಬ್ಬ ಕಾಲು ಹಿಡಿದ, ದೇಹ ಒಂದು ಕಡೆ ತಿರುಗಿತು, ಮಂಡಿ ಇನ್ನೊಂದು ಕಡೆ ಉಳಿಯಿತು, ಅಷ್ಟೆ. ಐದು ವರ್ಷ ಕಳೆದಾಗ ಹಿಡಿದವರು ಮೂವರು. ಹತ್ತು ವರ್ಷಕ್ಕೆ ಇಡೀ ಸರಪಳಿ ಮೈಮೇಲೆ ಬಿದ್ದಿರುತ್ತದೆ. ಅಂಕಣದಲ್ಲಿ ಒಂದು ಕಡೆ ಏಳು ಜನಕ್ಕಿಂತ ಹೆಚ್ಚು ಇರಬಾರದೆಂಬ ನಿಯಮವಿರುವುದರಿಂದ ಕಥೆ ಏಳಕ್ಕೆ ನಿಂತಿದೆ; ಇಲ್ಲವಾದರೆ ಎಲ್ಲಿಗೆ ಹೋಗುತ್ತಿತ್ತೋ. ಲಿಗಮೆಂಟ್ ಹರಿದಾಗ ಒಳಗೆ ‘ಟಪ್’ ಎಂದ ಹಾಗಾಗುವುದು ನಿಜ, ಗಾಯಗೊಂಡ ಅನೇಕರು ವೈದ್ಯರಿಗೆ ಹಾಗೆಯೇ ಹೇಳುತ್ತಾರೆ. ಆದರೆ ನಮ್ಮವನ ‘ಟಪ್’ ವರ್ಷದಿಂದ ವರ್ಷಕ್ಕೆ ದೊಡ್ಡದಾಗಿ, ಈಗ ಮೈಕಿನಲ್ಲಿ ಕಾಮೆಂಟರಿ ಹೇಳುತ್ತಿದ್ದವನೂ ಬೆಚ್ಚಿ ಮಾತು ನಿಲ್ಲಿಸಿದ ಮಟ್ಟಕ್ಕೆ ಏರಿದೆ. ಇನ್ನು ಎಂಆರ್‌ಐ ಫಿಲ್ಮು. ಮನೆಯ ರೇಷನ್ ಕಾರ್ಡು ಎಲ್ಲಿದೆಯೆಂದು ಗೊತ್ತಿರದ ಗೃಹಸ್ಥನಿಗೆ ಫಿಲ್ಮಿನ ದೊಡ್ಡ ಕವರು ಬೀರುವಿನ ಯಾವ ಸಂದಿನಲ್ಲಿದೆ ಎಂದು ಕತ್ತಲಲ್ಲೂ ಗೊತ್ತು. ನೆಂಟರು ಬಂದರೆ ಅದು ಟ್ಯೂಬ್‌ಲೈಟಿಗೆ ಅಡ್ಡ ಹಿಡಿಯಲ್ಪಡುತ್ತದೆ. ‘ಇಲ್ಲಿ ನೋಡಿ ಮಾವ, ಈ ಕಪ್ಪು ಗೆರೆ ನಡುವೆ ತುಂಡಾಗಿದೆಯಲ್ಲ’ ಎಂದು ಅಳಿಯ ತೋರಿಸಿದರೆ, ಎಲ್ಲ ಗೆರೆಯೂ ಕಪ್ಪಾಗಿಯೇ ಕಾಣುವ ಮಾವ ‘ಅಯ್ಯೋ ಪಾಪ’ ಎನ್ನದೆ ಗತಿಯಿಲ್ಲ.

ಅವನ ಮಂಡಿಯ ಅತಿ ದೊಡ್ಡ ಹೆಗ್ಗಳಿಕೆ ಹವಾಮಾನದ್ದು. ಮದುಕ್ಕರೈ ಅರಣ್ಯ ವಲಯದಲ್ಲಿ ಆನೆಗಳು ರೈಲು ಹಳಿಗೆ ಬರುವುದನ್ನು ಮೊದಲೇ ತಿಳಿಯಲು 2024ರಲ್ಲಿ 12 ಗೋಪುರ, 24 ಕ್ಯಾಮೆರಾಗಳ ಕೃತಕ ಬುದ್ಧಿಮತ್ತೆಯ ವ್ಯವಸ್ಥೆಯನ್ನೇ ಸರ್ಕಾರ ಹಾಕಬೇಕಾಯಿತು. ಮಳೆಯ ವಿಷಯಕ್ಕೆ ಊರಿಗೆ ಆ ಖರ್ಚಿಲ್ಲ. ಬೆಂಚಿನ ಮೇಲೆ ಮಂಡಿ ಇದೆ. ಜೂನ್, ಜುಲೈನಲ್ಲಿ ಪಾಲಕ್ಕಾಡ್ ಕಣಿವೆಯೊಳಗಿಂದ ಗಾಳಿ ನುಗ್ಗಿ ಮೋಡ ಓಡತೊಡಗಿದರೆ ಅವನು ಮಂಡಿ ಸವರಿಕೊಂಡು ‘ಸಂಜೆಗೆ ಗ್ಯಾರಂಟಿ’ ಎನ್ನುತ್ತಾನೆ. ಕೊಯಮತ್ತೂರಿಗೆ ಹೆಚ್ಚು ಮಳೆ ತರುವುದು ಅಕ್ಟೋಬರ್, ನವೆಂಬರಿನ ಹಿಂಗಾರು. ಮುಂಗಾರಿನಲ್ಲಿ ಗಾಳಿಯೇ ಜಾಸ್ತಿ. ಸಂಜೆ ಒಂದು ಹನಿಯೂ ಬೀಳದಿದ್ದಾಗ ‘ವಾಳಯಾರಿನ ಆಚೆ ಸುರಿದಿದೆ, ಕೇಳಿ ನೋಡಿ’ ಎಂಬ ಉತ್ತರ ಸಿದ್ಧ. ಆಚೆ ಕೇರಳವಾದ್ದರಿಂದ ಸುರಿದೇ ಇರುತ್ತದೆ. ಕೀಲುನೋವಿಗೂ ಹವೆಗೂ ನಂಟಿದೆಯೆಂಬ ಈ ನಂಬಿಕೆಯನ್ನು ವಿಜ್ಞಾನಿಗಳೂ ಪರೀಕ್ಷಿಸದೆ ಬಿಟ್ಟಿಲ್ಲ. 1996ರಲ್ಲಿ ರೆಡೆಲ್‌ಮಯರ್ ಮತ್ತು ಟ್ವೆರ್ಸ್ಕಿ ಎಂಬಿಬ್ಬರು 18 ಮಂದಿ ಸಂಧಿವಾತ ರೋಗಿಗಳನ್ನು 15 ತಿಂಗಳು ಗಮನಿಸಿ, ನೋವಿಗೂ ಹವೆಗೂ ನಂಟು ಕಾಣಲಿಲ್ಲವೆಂದರು. 2017ರಲ್ಲಿ ಅಮೆರಿಕದ ಹಿರಿಯ ನಾಗರಿಕರು ವೈದ್ಯರನ್ನು ಕಂಡ ಒಂದು ಕೋಟಿಗೂ ಮಿಕ್ಕಿದ ಭೇಟಿಗಳನ್ನು ಮಳೆಯ ದಾಖಲೆಯ ಜೊತೆ ಹೋಲಿಸಿದವರಿಗೂ, ಮಳೆ ಬಂದ ದಿನ ಕೀಲುನೋವಿನವರು ಹೆಚ್ಚೇನೂ ಕಾಣಲಿಲ್ಲ. ನ್ಯಾಯವಾಗಿ ನಮ್ಮವನ ಕಡೆಯ ಸಾಕ್ಷಿಯನ್ನೂ ಹೇಳಿಬಿಡಬೇಕು. ಬ್ರಿಟನ್ನಿನಲ್ಲಿ 2,658 ಮಂದಿ ಮೊಬೈಲಿನಲ್ಲಿ ದಿನದಿನದ ನೋವು ಬರೆದಿಟ್ಟ ಅಧ್ಯಯನವೊಂದು 2019ರಲ್ಲಿ ಬಂತು. ತೇವ, ಗಾಳಿ ಹೆಚ್ಚಾಗಿ ವಾಯುಭಾರ ಕುಸಿದ ದಿನ ನೋವು ತುಸು ಹೆಚ್ಚಿತ್ತು ಎಂದು ಅದು ಹೇಳಿತು. ಗಾಳಿಗೆ ಮದುಕ್ಕರೈಯಲ್ಲಿ ಬರವಿಲ್ಲ, ಆದ್ದರಿಂದ ನೋವಿನ ಮಾತನ್ನು ಒಪ್ಪಿಬಿಡೋಣ. ಆದರೆ ಇವತ್ತಿನ ಹವೆಗೆ ಇವತ್ತು ನೋಯುವುದು ಬೇರೆ, ನಾಳೆಯ ಮಳೆಯನ್ನು ಇವತ್ತೇ ಸಾರುವುದು ಬೇರೆ. ಎರಡನೆಯದಕ್ಕೆ ಬ್ರಿಟನ್ನಿನವರೂ ಸಹಿ ಹಾಕಿಲ್ಲ.

ನೋವಿನಲ್ಲಿರುವವನನ್ನು ಹೀಗೆ ಆಡಿಕೊಳ್ಳುವುದು ಸರಿಯೇ ಎಂದು ಕೇಳುವವರಿದ್ದಾರೆ. ಕೇಳಬೇಕಾದದ್ದೇ. ಮಂಡಿಯ ಮುಂದಿನ ಅಡ್ಡ ಲಿಗಮೆಂಟ್ ಪೂರ್ತಿ ಹರಿದರೆ ಮೂಳೆಯ ಹಾಗೆ ತಾನಾಗಿ ಕೂಡಿಕೊಳ್ಳುವುದು ಅಪರೂಪ. ಮೆನಿಸ್ಕಸ್ಸಿನ ಒಳ ಅಂಚಿಗೆ ರಕ್ತ ಹರಿಯುವುದಿಲ್ಲವಾದ್ದರಿಂದ ಅಲ್ಲಿ ಆದ ಗಾಯ ಹಾಗೇ ಉಳಿಯುತ್ತದೆ. ಇವೆರಡರಲ್ಲಿ ಒಂದು ಹರಿದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ 10ರಿಂದ 20 ವರ್ಷಗಳೊಳಗೆ ಮಂಡಿ ಸವೆತ ಕಾಣಿಸುತ್ತದೆ ಎಂದು ಸ್ವೀಡನ್ನಿನ ಲೋಮಾಂಡರ್ ಮತ್ತು ಸಂಗಡಿಗರು 2007ರಲ್ಲಿ ಲೆಕ್ಕ ಕೊಟ್ಟಿದ್ದಾರೆ. ಹಾಗಾಗಿ ನೋವು ನಟನೆ ಎಂದು ನಾನು ಹೇಳುತ್ತಿಲ್ಲ. ನಗು ಬರುವುದು ನೋವಿಗೆ ಅವನು ವಹಿಸಿರುವ ಕೆಲಸಗಳನ್ನು ಕಂಡು. ಗ್ಯಾಸ್ ಸಿಲಿಂಡರ್ ಎತ್ತಬೇಕಾದಾಗ ಮಂಡಿ ಹಿಡಿದುಕೊಳ್ಳುತ್ತದೆ. ಪಕ್ಕದೂರಿನ ಪಂದ್ಯ ನೋಡಲು ಬೈಕಿನಲ್ಲಿ ಹೋಗಿ ರಾತ್ರಿ ಎರಡರವರೆಗೆ ನಿಂತೇ ಕೂಗಾಡುವಾಗ ಅದರ ಸುದ್ದಿಯೇ ಇಲ್ಲ. ಮದುವೆ ಮನೆಯಲ್ಲಿ ನೆಲದ ಪಂಕ್ತಿಗೆ ಕೂರಲು ಆಗದು, ಕುರ್ಚಿಯೇ ಬೇಕು, ಅದೂ ಮೊದಲ ಪಂಕ್ತಿಯಲ್ಲಿ. ಇಷ್ಟು ಸಮಯಪ್ರಜ್ಞೆ ಇರುವ ಕೀಲನ್ನು ಸುಮ್ಮನೆ ರೋಗಿ ಎನ್ನಲಾಗದು.

ಎರಡನೆಯ ಆಕ್ಷೇಪ ದುಡ್ಡಿನದು, ಮತ್ತು ಅದು ಹೆಚ್ಚು ಗಟ್ಟಿ. ದಿನಗೂಲಿಯವನು, ಗಿರಣಿಯ ಶಿಫ್ಟಿನವನು ಆಪರೇಷನ್ ಮಾಡಿಸಿಕೊಂಡು ತಿಂಗಳುಗಟ್ಟಲೆ ಮನೆಯಲ್ಲಿ ಕೂತರೆ ಒಲೆ ಉರಿಯುವುದು ಹೇಗೆ? ನಮ್ಮವನೂ ಇದನ್ನೇ ಹೇಳುತ್ತಾನೆ, ಹೇಳಿ ಕಬಡ್ಡಿ ತಾರೆ ಪವನ್ ಸೆಹ್ರಾವತ್‌ನನ್ನು ಉದಾಹರಿಸುತ್ತಾನೆ, ಜೊತೆಯಲ್ಲಿ ಆಡಿದವನ ಧಾಟಿಯಲ್ಲಿ. ಬೆಂಗಳೂರು ಬುಲ್ಸ್‌ಗೆ ಟ್ರೋಫಿ ತಂದುಕೊಟ್ಟ ಪವನ್‌ನನ್ನು 2022ರಲ್ಲಿ ತಮಿಳ್ ತಲೈವಾಸ್ ತಂಡ 2.26 ಕೋಟಿ ರೂಪಾಯಿಗೆ ಕೊಂಡಿತು. ಆ ಅಕ್ಟೋಬರ್ 8ರಂದು, ಬೆಂಗಳೂರಿನಲ್ಲೇ, ತಲೈವಾಸ್ ಪರ ಮೊದಲ ಪಂದ್ಯದಲ್ಲೇ ಮಂಡಿಗೆ ಪೆಟ್ಟಾಗಿ ಇಡೀ ಋತು ಹೋಯಿತು. ‘ಅಷ್ಟು ದುಡ್ಡಿನವನ ಮಂಡಿಯೇ ಉಳಿಯಲಿಲ್ಲ, ನಮ್ಮದೇನು’ ಎಂಬಲ್ಲಿಗೆ ನಮ್ಮವನ ಕಥೆ ಮುಗಿಯುತ್ತದೆ. ಕಥೆಯ ಉತ್ತರಾರ್ಧವನ್ನು ಅವನು ಹೇಳುವುದಿಲ್ಲ: 2023ರ ಅಕ್ಟೋಬರ್ 7ರಂದು, ವರ್ಷ ತುಂಬಲು ಒಂದು ದಿನ ಇರುವಾಗ, ಅದೇ ಪವನ್ ನಾಯಕನಾಗಿದ್ದ ಭಾರತ ತಂಡ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಫೈನಲ್ಲಿನಲ್ಲಿ ಇರಾನನ್ನು 33–29ರಿಂದ ಸೋಲಿಸಿ ಚಿನ್ನ ಗೆದ್ದಿತು. ಪವನ್ ಬೆನ್ನಿಗೆ ವೈದ್ಯರ ದಂಡಿತ್ತು, ನಿಜ. ಆದರೆ ಆಪರೇಷನ್ನೊಂದೇ ದಾರಿ ಎಂಬ ಮಾತೂ ಪೂರ್ತಿ ಸತ್ಯವಲ್ಲ. ಸ್ವೀಡನ್ನಿನಲ್ಲಿ ಲಿಗಮೆಂಟ್ ಹರಿದ 121 ಯುವಕ ಯುವತಿಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೂಡಲೇ ಆಪರೇಷನ್, ಇನ್ನೊಂದಕ್ಕೆ ಮೊದಲು ವ್ಯಾಯಾಮ, ಬೇಕೇ ಬೇಕಾದರೆ ಮಾತ್ರ ಆಮೇಲೆ ಆಪರೇಷನ್ ಎಂದು ನೋಡಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡು ವರ್ಷದ ಕೊನೆಗೆ ಎರಡೂ ಗುಂಪಿನ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ವ್ಯಾಯಾಮದ ಗುಂಪಿನ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅಷ್ಟರವರೆಗೆ ಆಪರೇಷನ್ ಬೇಕಾಗಿರಲೇ ಇಲ್ಲ. ಯಾರಿಗೆ ಯಾವುದು ಎಂಬುದನ್ನು ಡಾಕ್ಟರೇ ಹೇಳಬೇಕು. ಆದರೂ ತೊಡೆಯ ಸ್ನಾಯು ಗಟ್ಟಿ ಮಾಡಿಕೊಳ್ಳಲು ಬೇಕಾದದ್ದು ಒಂದು ಟವೆಲು, ಒಂದು ಗೋಡೆ, ದಿನಕ್ಕೆ ಅರ್ಧ ಗಂಟೆ. ಫಿಸಿಯೋಥೆರಪಿಸ್ಟ್ ಬರೆದುಕೊಟ್ಟ ಆ ಚೀಟಿ ಎಂಆರ್‌ಐ ಕವರಿನೊಳಗೆ ಮಡಿಕೆ ಮುರಿಯದೆ ಮಲಗಿದೆ. ಅದನ್ನು ಯಾವ ನೆಂಟರಿಗೂ ತೋರಿಸಿದ್ದಿಲ್ಲ.

ಹೋಗಲಿ ಬಿಡಿ, ಮಂಡಿ ಅವನದು, ಹೆಮ್ಮೆಯೂ ಅವನದು, ಇದರಿಂದ ಯಾರಿಗೇನು ನಷ್ಟ ಎಂಬ ಮೂರನೆಯ ಮಾತು ಬರುತ್ತದೆ. ಅವನು ಬೆಂಚಿನ ಮೇಲೇ ಇದ್ದಿದ್ದರೆ ನಾನೂ ಒಪ್ಪುತ್ತಿದ್ದೆ. ಪೊಂಗಲ್ ಹತ್ತಿರ ಬಂದಾಗ ಅವನು ಬೆಂಚಿನಿಂದ ಮೈದಾನದ ಅಂಚಿಗೆ ಕುರ್ಚಿ ಹಾಕಿಸಿಕೊಂಡು ತಂಡದ ಸಲಹೆಗಾರನಾಗುತ್ತಾನೆ, ತೊಂದರೆ ಶುರುವಾಗುವುದು ಅಲ್ಲಿ. ಹದಿನೆಂಟರ ಹುಡುಗನ ಮಂಡಿ ಸೋರೆಕಾಯಿಯ ಹಾಗೆ ಊದಿದೆ. ‘ಏನಾಗಲ್ಲ ತಂಬಿ, ಸ್ಪ್ರೇ ಹೊಡ್ಕೊಂಡು ಇಳಿ, ನಾನು ಈ ಕಾಲಲ್ಲೇ ಸೆಮಿಫೈನಲ್ ಆಡಿದ್ದೀನಿ’ ಎನ್ನುತ್ತಾನೆ. ಆಡಿದ್ದು ನಿಜವೇ, ಆಡಿದ್ದರ ಫಲವೂ ಎದುರಿಗೇ ಇದೆ, ಆದರೆ ಹುಡುಗನಿಗೆ ಕೇಳಿಸುವುದು ಸೆಮಿಫೈನಲ್ ಮಾತ್ರ. ನಾರ್ವೆಯ ಓಸ್ಲೋ ಮತ್ತು ಅಮೆರಿಕದ ಡೆಲವೇರ್‌ನ ಸಂಶೋಧಕರು 2016ರಲ್ಲಿ ತೋರಿಸಿದ ಸಂಗತಿ ಇದು: ಲಿಗಮೆಂಟ್ ಆಪರೇಷನ್ ಆದವರು ಒಂಬತ್ತು ತಿಂಗಳ ತನಕ ಕಾದಷ್ಟೂ, ಕಾದ ಒಂದೊಂದು ತಿಂಗಳಿಗೆ ಮರುಗಾಯದ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಒಂಬತ್ತು ತಿಂಗಳು ಎಂದರೆ ನಮ್ಮ ಸಲಹೆಗಾರನ ಲೆಕ್ಕದಲ್ಲಿ ಮೂರು ಪಂದ್ಯಾವಳಿ ತಪ್ಪಿದ ಹಾಗೆ. ಪಂದ್ಯಕ್ಕೆ ಮೊದಲು ಇಪ್ಪತ್ತು ನಿಮಿಷ ಜಿಗಿದು ಇಳಿಯುವ, ತಿರುಗುವ, ಒಂಟಿಕಾಲಲ್ಲಿ ನಿಲ್ಲುವ ಅಭ್ಯಾಸ ಮಾಡಿದರೆ ಮಂಡಿ ಗಾಯ ಗಣನೀಯವಾಗಿ ಕಡಿಮೆಯಾಗುತ್ತದೆಂದು ಫುಟ್‌ಬಾಲಿನವರು ಕಂಡುಕೊಂಡಿದ್ದಾರೆ. ಕಬಡ್ಡಿಯ ಒಂದು ಅರ್ಧಾವಧಿಯೂ ಇಪ್ಪತ್ತೇ ನಿಮಿಷ. ನಮ್ಮ ಹಳ್ಳಿ ಪಂದ್ಯಗಳಲ್ಲಿ ಆ ಇಪ್ಪತ್ತು ನಿಮಿಷ ಗಣ್ಯರಿಗೆ ಶಾಲು ಹೊದಿಸುವುದರಲ್ಲಿ ಕಳೆಯುತ್ತದೆ, ಹುಡುಗರು ಚಡ್ಡಿಯಲ್ಲಿ ಚಳಿಗೆ ನಡುಗುತ್ತ ಸಾಲಾಗಿ ನಿಂತಿರುತ್ತಾರೆ, ಮೈ ಕಾಯುವ ಮೊದಲೇ ಸೀಟಿ ಊದುತ್ತದೆ.

ಆದ್ದರಿಂದ ಪಂದ್ಯಾವಳಿ ನಡೆಸುವ ಮದುಕ್ಕರೈಯ ಮತ್ತು ಎಲ್ಲ ಊರುಗಳ ಯುವಕ ಸಂಘದವರಲ್ಲಿ ನನ್ನದೊಂದು ಬಿನ್ನಹ. ಈ ಸಲದ ಪೊಂಗಲ್ಲಿಗೆ ಮೂರಡಿ ಎತ್ತರದ ಕಪ್ಪಿನ ಬದಲು ಎರಡಡಿಯದು ತನ್ನಿ. ಉಳಿದ ದುಡ್ಡಿನಲ್ಲಿ ಒಬ್ಬ ಫಿಸಿಯೋಥೆರಪಿಸ್ಟನ್ನು ಆ ರಾತ್ರಿ ಅಂಕಣದ ಪಕ್ಕ ಕೂರಿಸಿ, ಮಂಡಿ ಊದಿದ ಹುಡುಗ ಆಡಬೇಕೇ ಬೇಡವೇ ಎಂದು ಅವರು ಹೇಳಿದ್ದೇ ಕೊನೆಯ ಮಾತಾಗಲಿ. ಇನ್ನೂ ಒಂದಷ್ಟು ಮಿಕ್ಕರೆ ಹಳೆಯ ಆಟಗಾರರಿಗೆಲ್ಲ ಹೆಸರು, ಆಡಿದ ವರ್ಷ, ತಂಡದ ಹೆಸರು ಬರೆದ ಒಂದೊಂದು ಸರ್ಟಿಫಿಕೇಟು ಅಚ್ಚು ಹಾಕಿಸಿ, ಫ್ರೇಮು ಕಟ್ಟಿಸಿ, ಮೈಕಿನಲ್ಲಿ ಹೆಸರು ಕೂಗಿ ಕೊಡಿ. ಶಾಲು ಬೇಡ, ಅದು ಮಂಡಿಗೆ ಸುತ್ತಿಕೊಳ್ಳಲು ಹೋಗುತ್ತದೆ.