ಧೂಮಮೀಮಾಂಸೆ: ಒಂದು ಸಿಗಾರಿನ ಶಾಸ್ತ್ರೀಯ ವಿಮರ್ಶೆ

ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ: ಈ ನಾಲ್ಕನ್ನು ಮೊದಲೇ ಹೇಳದೆ ಯಾವ ಶಾಸ್ತ್ರವೂ ಹೊರಡಕೂಡದು. ಹೊಗೆಯ ಶಾಸ್ತ್ರಕ್ಕೂ ಇದರಲ್ಲಿ ರಿಯಾಯಿತಿಯಿಲ್ಲ.

ಒಂದು: ವಿಷಯ

1845ರಲ್ಲಿ ಹವಾನಾದಲ್ಲಿ ಹುಟ್ಟಿದ ಪಾರ್ತಗಾಸ್ ಮನೆತನದ ‘ಸೀರೀ ಡಿ ನಂಬರ್ 4’ ಇಲ್ಲಿನ ವಿಷಯ. ಉದ್ದ 124 ಮಿ.ಮೀ. ದಪ್ಪ 50 ರಿಂಗ್ ಗೇಜ್, ಅಂದರೆ ಒಂದು ಅಂಗುಲದ 64 ಪಾಲಿನಲ್ಲಿ 50. ಅಂಗುಲವನ್ನು 64 ಪಾಲು ಮಾಡಿದ್ದೇಕೆ ಎಂದು ಶಂಕಿಸಬಾರದು. ಕಲೆಗಳು 64, ಅವುಗಳಲ್ಲಿ 50 ಇದಕ್ಕೆ ಕರಗತವಾಗಿವೆ ಎಂದು ತಿಳಿಯತಕ್ಕದ್ದು.

ಇದರ ಒಡಲಲ್ಲಿ ತ್ರಿಗುಣಗಳಿವೆ. ಗಿಡದ ತುದಿಯಲ್ಲಿ ಬಿಸಿಲುಂಡು ದಪ್ಪಗಾದ ಎಲೆ ಲಿಗೇರೊ. ಖಾರವೆಲ್ಲ ಅದರದ್ದು, ಉರಿಯುವುದಕ್ಕೆ ಮಾತ್ರ ಸೋಮಾರಿ. ನಡುವಿನ ಸೇಕೊ ಪರಿಮಳಕ್ಕೆ. ಬುಡದ ವೊಲಾದೊ ಬೆಂಕಿ ಆರದಂತೆ ನೋಡಿಕೊಳ್ಳುವುದಕ್ಕೆ. ಸುತ್ತುವವನು ಲಿಗೇರೊವನ್ನು ನಟ್ಟನಡುವೆ ಇಟ್ಟು, ಉಳಿದವನ್ನು ಅದರ ಸುತ್ತ ಮಡಿಸಿ, ಬಿಗಿಯುವ ಎಲೆಯೊಂದನ್ನು ಸುತ್ತಿ, ಕೊನೆಗೆ ನಯವಾದ ಹೊದಿಕೆಯೆಲೆಯನ್ನು ಓರೆಯಾಗಿ ಎಳೆದು ತರುತ್ತಾನೆ. ಈ ಹೊದಿಕೆಯೆಲೆಗೆ ಹೊಲದಲ್ಲೇ ಬಟ್ಟೆಯ ಚಪ್ಪರ ಹಾಕಿರುತ್ತಾರೆ, ಮದುಮಗಳಿಗೆ ಹಾಕಿದ ಹಾಗೆ. ಹುಣಸೂರು, ಪಿರಿಯಾಪಟ್ಟಣದ ರೈತರು ಬ್ಯಾರನ್‌ನಲ್ಲಿ ಶಾಖ ಕೊಟ್ಟು ಹದಮಾಡುವ ಸೊಪ್ಪು ಸಿಗರೇಟಿನ ಕುಲದ್ದು. ಇದು ಗಾಳಿಗೇ ಒಣಗುವ ಕುಲ. ಗೋತ್ರ ಬೇರೆ.

“ಚರಕಸಂಹಿತೆಯಲ್ಲೇ ಧೂಮಪಾನವಿದೆಯಲ್ಲ, ನಮ್ಮಿಂದಲೇ ಹೋದದ್ದು” ಎಂಬುದು ಪೂರ್ವಪಕ್ಷ. ಇದೆ, ನಿಜ. ಅದು ಔಷಧದ ಬತ್ತಿಯ ಹೊಗೆ. ಹೊಗೆಸೊಪ್ಪು ಅಮೆರಿಕದಿಂದ ಪೋರ್ಚುಗೀಸರ ಹಡಗೇರಿ ಬರುವ ಹೊತ್ತಿಗೆ ಚರಕರು ತೀರಿಕೊಂಡು ಶತಮಾನಗಳೇ ಆಗಿದ್ದವು.

ಎರಡು: ಅಧಿಕಾರಿ

ಮನೆಯ ಗೋಡೆಗೆ ಬೂಸ್ಟು ಬಂದರೂ ಕಣ್ಣೆತ್ತದೆ, ಪೆಟ್ಟಿಗೆಯೊಳಗಿನ ತೇವ ಶೇ 65ರಿಂದ 70ರೊಳಗಿದೆಯೇ ಎಂದು ದಿನಾ ನೋಡುವವನು ಮಂದಾಧಿಕಾರಿ. ಜ್ವಾಲೆಗೆ ತಾಗಿಸದೆ, ತುದಿಯನ್ನು ಮೇಲೆ ಹಿಡಿದು ತಿರುಗಿಸುತ್ತ ಹೊತ್ತಿಸಿ, ಹೊಗೆಯನ್ನು ಎದೆಗಿಳಿಸದೆ ಬಾಯಲ್ಲೇ ಆಡಿಸುವವನು ಮಧ್ಯಮ. ಉತ್ತಮಾಧಿಕಾರಿ ಯಾರು? ಹವಾನಾದ ಕಾರ್ಖಾನೆಗಳಲ್ಲಿ 1865ರಿಂದ ಒಂದು ಪದ್ಧತಿಯಿದೆ: ಕೆಲಸಗಾರರು ಎಲೆ ಸುತ್ತುತ್ತಿರುವಾಗ ಒಬ್ಬ ಎತ್ತರದ ಪೀಠದಲ್ಲಿ ಕೂತು ಪತ್ರಿಕೆ, ಕಾದಂಬರಿ ಓದಿ ಹೇಳುತ್ತಾನೆ. ಮಾಂಟೆಕ್ರಿಸ್ಟೊ ಎಂಬ ಸಿಗಾರಿಗೆ ಡ್ಯೂಮಾನ ಕಾದಂಬರಿಯ ಹೆಸರು ಬಂದದ್ದು ಸುಮ್ಮನೆ ಅಲ್ಲ. ಸೇದುವವನು ಓದಿದ್ದಕ್ಕಿಂತ ಸುತ್ತುವವನು ಕೇಳಿದ್ದೇ ಹೆಚ್ಚಿರುವುದರಿಂದ ಅವನೇ ಉತ್ತಮಾಧಿಕಾರಿ.

ಮೂರು: ಸಂಬಂಧ

ನಾಲಿಗೆಗೂ ವಿಶೇಷಣಕ್ಕೂ ಇರುವ ಸಂಬಂಧವಿದು. ಸಿಗಾರನ್ನು ಮೂರು ಪಾಲು ಮಾಡಿ, ಮೊದಲನೆಯದರಲ್ಲಿ ಕರಿಮೆಣಸು, ಎರಡನೆಯದರಲ್ಲಿ ಸೀಡರ್ ಮರ ಮತ್ತು ಚರ್ಮ, ಮೂರನೆಯದರಲ್ಲಿ ಮಣ್ಣು, ಕಾಫಿ ಕಂಡಿತೆಂದು ಬರೆಯುವುದು ಸಂಪ್ರದಾಯ. ಹೊಗೆಸೊಪ್ಪಿನ ರುಚಿಯಿದೆ ಎಂದು ಬರೆದವನು ಪಾಮರ.

ಪ್ರಮಾಣ ಪರೀಕ್ಷೆ ಮಾಡೋಣ. ಸೀಡರ್ ಸರಿ, ಆ ಮರದ ಪೆಟ್ಟಿಗೆಯಲ್ಲೇ ಮಲಗಿತ್ತು. ಕರಿಮೆಣಸೂ ಸರಿ, ಹೊಗೆಯನ್ನು ಮೂಗಿನಿಂದ ಬಿಟ್ಟರೆ ಕಣ್ಣಲ್ಲಿ ನೀರು ಬರುತ್ತದೆ. ಚರ್ಮ? ಪ್ರತ್ಯಕ್ಷವೆಂದರೆ, ವಿಮರ್ಶಕರು ಹಿಂದೆಂದೋ ಚಪ್ಪಲಿ ನೆಕ್ಕಿರಬೇಕು. ಅನುಮಾನವೆಂದರೆ, ಹೊಗೆಯಿಂದ ಬೆಂಕಿಯನ್ನು ಊಹಿಸಬಹುದೆಂದು ನೈಯಾಯಿಕರು ಹೇಳಿದ್ದಾರೆಯೇ ಹೊರತು ಚಪ್ಪಲಿಯನ್ನಲ್ಲ. ಉಳಿದದ್ದು ಶಬ್ದಪ್ರಮಾಣ: ಹಿಂದಿನವರು ಬರೆದಿದ್ದಾರೆ, ಆದ್ದರಿಂದ ಇದೆ. ಇನ್ನು ಸೇದಿ ಎದ್ದು ನಿಂತಾಗ ತಲೆ ಗಿರ್ರೆಂದರೆ ಅದಕ್ಕೆ ‘ಫುಲ್ ಬಾಡಿ’ ಎನ್ನುತ್ತಾರೆ. ನಿಕೋಟಿನ್ ಎಂಬುದು ಡಾಕ್ಟರರ ಪರಿಭಾಷೆ.

ನಾಲ್ಕು: ಪ್ರಯೋಜನ

ಹೊಗೆಯನ್ನು ಎದೆಗಿಳಿಸದವರನ್ನೂ ಬಾಯಿ, ಗಂಟಲಿನ ಕ್ಯಾನ್ಸರು ಬಿಡುವುದಿಲ್ಲ. ಇದೊಂದು ವಾಕ್ಯಕ್ಕೆ ಪೂರ್ವಪಕ್ಷವಿಲ್ಲ.

ಶಾಸ್ತ್ರಕಾರರು ನೂರಕ್ಕೆ ಅಂಕ ಕೊಟ್ಟು ಶಿಫಾರಸು ಮಾಡುವುದು ರೂಢಿ, ನಾವೂ ಕೊಡುತ್ತೇವೆ. ನಮ್ಮ ದೇಶದಲ್ಲಿ ತಂಬಾಕಿನ ಪೊಟ್ಟಣದ ಮುಖದ ಶೇ 85 ಭಾಗ ಎಚ್ಚರಿಕೆಯ ಚಿತ್ರಕ್ಕೇ ಮೀಸಲು. ಆ 85 ಅಂಕವನ್ನು ಚಿತ್ರಕ್ಕೆ ಕೊಟ್ಟ ಮೇಲೆ ಸಿಗಾರಿಗೆ ಉಳಿಯುವುದು 15. ನಾವು ಓದಿದ ಶಾಲೆಯಲ್ಲಿ ಪಾಸಾಗಲು 35 ಬೇಕಿತ್ತು.