ಗಂಡು ನೋಡುವ ಶಾಸ್ತ್ರ

ನಮ್ಮ ಕಡೆ ಹೆಣ್ಣು ನೋಡಲು ಹೋದವರು ಉಪ್ಪಿಟ್ಟು, ಕೇಸರಿಬಾತು ತಿಂದು, ಕೈ ಒರೆಸಿಕೊಂಡು, ‘ಊರಿಗೆ ಹೋಗಿ ತಿಳಿಸ್ತೀವಿ’ ಅಂತ ಎದ್ದು ಬರುತ್ತಾರೆ. ಗೀಜಗನ ಕುಲದಲ್ಲೂ ಈ ಶಾಸ್ತ್ರ ಉಂಟು. ಆದರೆ ಅಲ್ಲಿ ನೋಡಲು ಬರುವುದು ಹೆಣ್ಣು. ತಿಳಿಸ್ತೀನಿ ಅಂತ ಕೂಡ ಹೇಳದೆ ಹಾರಿಹೋಗುವುದೂ ಹೆಣ್ಣೇ.

ಈ ಮಾತು ಕಾಂಪೌಂಡಿನ ಆಚೆಯ ಮೇಷ್ಟ್ರಿಗೆ ಹಿಡಿಸಲಿಲ್ಲ. ಮೇಷ್ಟ್ರು ರಿಟೈರಾದವರು. ಪೇಪರು ಮುಗಿಸಿ ಗೋಡೆಯ ಮೇಲೆ ಮೊಣಕೈ ಊರಿದರೆಂದರೆ ತುಮಕೂರಿನ ಬಿಸಿಲು ನೆತ್ತಿಗೆ ಬರುವವರೆಗೂ ಕದಲುವುದಿಲ್ಲ. ಗುಬ್ಬಿ ಕಡೆ ತೋಟದಲ್ಲಿರುವ ತಮ್ಮನ ಮಗನಿಗೆ ಹೆಣ್ಣು ಹುಡುಕಿ ಹುಡುಕಿ ಅವರಿಗೆ ಸಾಕಾಗಿದೆ.

“ತೆಂಗಿದೆ, ಅಡಿಕೆ ಇದೆ, ಬೋರಲ್ಲಿ ನೀರಿದೆ. ಈಗ ಮೇಲೊಂದು ಮಹಡಿ ಬೇರೆ ಎಬ್ಬಿಸಿದ್ದಾನೆ, ಬಾಗಿಲಿಗೆ ತೇಗದ ಕೆತ್ತನೆ. ಇನ್ನೇನು ಬೇಕಂತ್ರೀ ಈ ಹುಡುಗೀರಿಗೆ?”

“ಅದೇ ತೋಟದ ತೆಂಗಿನ ಗರಿ ತುದಿ ಒಂದು ಸಲ ನೋಡಿ ಬನ್ನಿ ಮೇಷ್ಟ್ರೇ,” ಅಂದೆ. “ನಿಮ್ಮ ಹುಡುಗನ ಕಷ್ಟ ಅಲ್ಲಿ ಸಾಲಾಗಿ ನೇತಾಡ್ತಿರುತ್ತೆ.”

ಗುಬ್ಬಿ, ಕುಣಿಗಲ್ ರಸ್ತೆಗಳಲ್ಲಿ ಬಸ್ಸಿನ ಕಿಟಕಿಯಿಂದಲೂ ಇದು ಕಾಣುತ್ತದೆ. ತೆಂಗು, ಈಚಲು, ಹಳೇ ಬಾವಿಯ ಮೇಲೆ ಬಾಗಿದ ಜಾಲಿ, ಇವುಗಳಲ್ಲಿ ಸೋರೆ ಬುರುಡೆಯ ಹಾಗೆ ಇಳಿಬಿದ್ದಿರುವುದು ಪೂರಾ ಗೂಡು. ಅದರ ಪಕ್ಕದಲ್ಲೇ ತಳವಿಲ್ಲದ ಹೆಲ್ಮೆಟ್ಟಿನಂಥ ಅರೆಗೂಡುಗಳೂ ಇರುತ್ತವೆ. ಬಹಳ ಜನ ಅದನ್ನು ಗಾಳಿಗೆ ಹರಿದ ಗೂಡು ಅಂದುಕೊಳ್ಳುತ್ತಾರೆ. ಅದು ಹರಿದದ್ದಲ್ಲ, ಅಷ್ಟಕ್ಕೇ ನಿಲ್ಲಿಸಿದ್ದು. ಗಂಡು ಗೀಜಗ ಗೂಡನ್ನು ಅರ್ಧ ಕಟ್ಟಿ ಕಾಯುತ್ತದೆ. ಹೆಣ್ಣು ಬಂದು ಒಪ್ಪಿದರೆ ಉಳಿದರ್ಧ. ಒಪ್ಪದಿದ್ದರೆ ಹೆಲ್ಮೆಟ್ಟು ಹಾಗೇ ಒಣಗಿ ವರ್ಷವಿಡೀ ತೂಗುತ್ತಿರುತ್ತದೆ.

ಆ ಅರ್ಧಕ್ಕೂ ಪಡುವ ಪಾಡು ಸಣ್ಣದಲ್ಲ. ವರ್ಷದ ಮಿಕ್ಕ ದಿನ ಗಂಡೂ ಹೆಣ್ಣಿನ ಹಾಗೇ ಕಂದು ಬಣ್ಣದ್ದು, ದೂರದಿಂದ ನೋಡಿದರೆ ಗುಬ್ಬಚ್ಚಿ ಅನ್ನಬೇಕು. ಮುಂಗಾರು ಬೀಳುತ್ತಿದ್ದಂತೆ ನೆತ್ತಿಗೆ ಅರಿಶಿನ ಬಳಿದುಕೊಂಡ ಹಾಗೆ ಹಳದಿ ಏರುತ್ತದೆ, ಕೆನ್ನೆಗೆ ಕಪ್ಪು ಬರುತ್ತದೆ. ಆಮೇಲೆ ಕೆಲಸ. ಗರಿಯ ಅಂಚಿಗೆ ಕೊಕ್ಕಿನಿಂದ ಒಂದು ಕಚ್ಚು ಹಾಕಿ, ಆ ತುದಿಯನ್ನು ಕಚ್ಚಿಕೊಂಡೇ ಹಾರುತ್ತದೆ. ಹಾರಿದ ರಭಸಕ್ಕೆ ಎಳೆ ಸರ್ರನೆ ಸೀಳಿ ಜೊತೆಗೇ ಬರುತ್ತದೆ, 20ರಿಂದ 60 ಸೆಂಟಿಮೀಟರ್ ಉದ್ದ. ಒಂದು ಗೂಡಿಗೆ ಇಂಥ 500ರವರೆಗೂ ಓಡಾಟ. ಪೂರಾ ಗೂಡಿಗೆ ಸುಮಾರು 18 ದಿನ, ಅದರಲ್ಲಿ ಹೆಲ್ಮೆಟ್ಟಿನ ಮಟ್ಟಕ್ಕೆ ಬರಲು 8 ದಿನ. ಹೆಣ್ಣುಗಳು ಗುಂಪಾಗಿ ಬಂದವೋ, ಗಂಡುಗಳೆಲ್ಲ ತಂತಮ್ಮ ಗೂಡಿಗೆ ಜೋತುಬಿದ್ದು ರೆಕ್ಕೆ ಬಡಿಯುತ್ತಾ ಚೀ ಚೀ ಅಂತ ಒಂದೇ ಗಲಾಟೆ. ಹೆಣ್ಣು ಒಳಹೊಕ್ಕು ನೋಡುತ್ತದೆ. ಹಿಡಿಸದಿದ್ದರೆ ಪಕ್ಕದ ಗೂಡಿಗೆ ಹಾರುತ್ತದೆ.

“ಗೂಡೊಳಗೆ ಹಸಿ ಮಣ್ಣು ಮೆತ್ತಿ ಮಿಂಚುಹುಳ ಅಂಟಿಸಿ ದೀಪ ಮಾಡ್ಕೊಳ್ಳುತ್ತಂತಲ್ಲ?” ಮೇಷ್ಟ್ರು ತಾವೂ ಒಂದು ಸೇರಿಸಿದರು. ಮಣ್ಣು ಮೆತ್ತುವುದು ನಿಜ, ಅದೂ ಈ ಹೆಲ್ಮೆಟ್ ಹಂತದಲ್ಲೇ. ಮಿಂಚುಹುಳ ಮಾತ್ರ ನಮ್ಮ ಅಜ್ಜಿಯರ ಕೊಡುಗೆ.

ಅಷ್ಟರಲ್ಲಿ ಅಕ್ಕ, ಅಂದರೆ ಮೇಷ್ಟ್ರ ಮನೆಯವರು, ಹುರುಳಿಕಾಯಿ ಮೊರ ಹಿಡಿದು ಜಗಲಿಗೆ ಬಂದು ಕೂತರು. “ಒಪ್ಪಿದ ಮೇಲೆ ಸಂಸಾರ ಚೆನ್ನಾಗಿರುತ್ತೇನ್ರೀ?”

ಎಲ್ಲಿಂದ ಬಂತು. ಒಪ್ಪಿಗೆ ಸಿಕ್ಕ ಮೇಲೆ ಗಂಡು ಕೊಳವೆ ಇಳಿಬಿಟ್ಟು ಗೂಡು ಮುಗಿಸಿಕೊಡುತ್ತದೆ. ಹೆಣ್ಣು ಎರಡರಿಂದ ನಾಲ್ಕು ಮೊಟ್ಟೆ ಇಟ್ಟು 14ರಿಂದ 17 ದಿನ ಒಬ್ಬಳೇ ಕಾವು ಕೂರುತ್ತಾಳೆ. ಯಜಮಾನರು ಅಷ್ಟು ಹೊತ್ತಿಗೆ ಇನ್ನೊಂದು ಅರೆಗೂಡಿನ ಮುಂದೆ ಇನ್ನೊಬ್ಬಳಿಗೆ ರೆಕ್ಕೆ ಬಡಿಯುತ್ತಿರುತ್ತಾರೆ. ಇದನ್ನು ಕೂತು ನೋಡಿ ಬರೆದವರು ಪಕ್ಷಿತಜ್ಞ ಸಲೀಂ ಅಲಿ. 1930ರಲ್ಲಿ ಅವರಿಗೆ ನೌಕರಿ ಇರಲಿಲ್ಲ. ಮುಂಬೈ ಹತ್ತಿರದ ಕಿಹೀಮ್ ಎಂಬ ಕಡಲೂರಲ್ಲಿದ್ದಾಗ ಗೀಜಗನ ಗೂಡುಗಳು ಕಣ್ಣಿಗೆ ಬಿದ್ದವು. ಮುಂದಿನ ವರ್ಷ ಅಚ್ಚಾದ ಆ ಬರಹದಿಂದಲೇ ಈ ಅರೆಗೂಡಿನ ಗುಟ್ಟು ಜಗತ್ತಿಗೆ ತಿಳಿದದ್ದು.

“ಮನೆಹಾಳ ಮುಂಡೇದು,” ಅಂದರು ಅಕ್ಕ. ಬೈದದ್ದು ಹಕ್ಕಿಗೋ ಕೆಲಸವಿಲ್ಲದ ಗಂಡಸರಿಗೋ ಗೊತ್ತಾಗಲಿಲ್ಲ.

ಇಲ್ಲಿಂದ ಮಾತು ಆಸ್ಟ್ರೇಲಿಯಕ್ಕೆ ಹಾರಿತು. ಅಲ್ಲೂ ನ್ಯೂಗಿನಿಯಲ್ಲೂ ಬವರ್‌ಬರ್ಡ್ ಅಂತ ಒಂದು ಹಕ್ಕಿ ಬಳಗವಿದೆ. ಅದರ ಗಂಡು ಇನ್ನೂ ಒಂದು ಕೈ ಮೇಲು. ಕಡ್ಡಿಗಳನ್ನು ನೆಟ್ಟು ಒಂದು ಚಪ್ಪರ ಎಬ್ಬಿಸಿ, ಅಂಗಳ ಗುಡಿಸಿ, ಸಿಂಗಾರ ಮಾಡುತ್ತದೆ. ಅದರಲ್ಲೊಂದು ಜಾತಿಗೆ ನೀಲಿಯ ಹುಚ್ಚು. ನೀಲಿ ಹೂವು, ನೀಲಿ ಗರಿ, ಈಗೀಗ ನೀಲಿ ಪ್ಲಾಸ್ಟಿಕ್ ಮುಚ್ಚಳ. ಸಿಗದಿದ್ದರೆ ಪಕ್ಕದವನ ಅಂಗಳದಿಂದ ಕದ್ದು ತರುತ್ತದೆ, ಸಮಯ ಸಿಕ್ಕರೆ ಅವನ ಚಪ್ಪರವನ್ನೂ ಕೆಡವಿ ಬರುತ್ತದೆ. ಇಷ್ಟೆಲ್ಲ ಮಾಡಿದರೂ ಅದು ಮನೆಯಲ್ಲ. ಹೆಣ್ಣು ಬಂದು, ಆಟ ನೋಡಿ, ಮೆಚ್ಚಿದರೆ ಕೂಡಿ, ತನ್ನ ಪಾಡಿಗೆ ಬೇರೆಲ್ಲೋ ಮರದಲ್ಲಿ ತಾನೇ ಗೂಡು ಕಟ್ಟಿ ತಾನೇ ಮರಿ ಸಾಕುತ್ತದೆ. ಚಪ್ಪರ ಬರೀ ರಂಗಸಜ್ಜಿಕೆ.

ರಂಗಸಜ್ಜಿಕೆ ಅಂದದ್ದೇ ಮೇಷ್ಟ್ರ ಕಿವಿ ನೆಟ್ಟಗಾಯಿತು. ಗುಬ್ಬಿಯ ಕಡೆಯವರ ಮುಂದೆ ಆ ಪದ ಆಡಬಾರದು. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ, ವೀರಣ್ಣನವರು, ‘ಕುರುಕ್ಷೇತ್ರ’ ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ ಕುದುರೆ ತಂದದ್ದು, ಎಲ್ಲ ಒಂದು ಸುತ್ತು ಬಂತು. ನಾನು ಪರದೆಯ ಬಳಿ ನಿಲ್ಲಿಸಿದೆ. ಕಂಪನಿ ನಾಟಕದ ಅರಮನೆ ಪರದೆ ನೆನೆಸಿಕೊಳ್ಳಿ. ಹತ್ತಿರದ ಕಂಬ ದಪ್ಪ, ದೂರದ್ದು ಸಣ್ಣ, ಹಾಗಾಗಿ ನಾಲ್ಕು ಮೊಳದ ರಂಗ ನಾಲ್ಕು ಫರ್ಲಾಂಗಿನಂತೆ ಕಾಣುತ್ತದೆ. ಆಸ್ಟ್ರೇಲಿಯದ ದೊಡ್ಡ ಬವರ್‌ಬರ್ಡ್ ಇದನ್ನೇ ತಿರುವುಮುರುವು ಮಾಡಿದೆ. ಚಪ್ಪರದ ಹತ್ತಿರ ಸಣ್ಣ ಕಲ್ಲು, ಮೂಳೆ ಚೂರು. ದೂರ ಹೋದಂತೆ ದೊಡ್ಡವು. ಒಳಗೆ ನಿಂತ ಹೆಣ್ಣಿಗೆ ಎಲ್ಲವೂ ಒಂದೇ ಅಳತೆಯವಾಗಿ ಕಂಡು ಅಂಗಳ ಚಿಕ್ಕದೆನಿಸುತ್ತದೆ, ಅಂಗಳದಲ್ಲಿ ಕುಣಿಯುವವನು ದೊಡ್ಡವನಂತೆ ಕಾಣಬಹುದು. ಜಾನ್ ಎಂಡ್ಲರ್ ಎಂಬ ವಿಜ್ಞಾನಿ ಮತ್ತು ಜೊತೆಯವರು ಕಲ್ಲುಗಳನ್ನು ಅದಲುಬದಲು ಮಾಡಿಟ್ಟರೆ, ಮೂರೇ ದಿನದಲ್ಲಿ ಹಕ್ಕಿ ಮೊದಲಿನಂತೆ ಜೋಡಿಸಿಕೊಂಡಿತ್ತು. ಅವರು ಅದನ್ನು 2010ರಲ್ಲಿ ಪ್ರಕಟಿಸಿದರು. ಈ ಕಣ್ಕಟ್ಟು ಚೆನ್ನಾಗಿ ಮಾಡಿದ ಗಂಡಿಗೆ ಹೆಣ್ಣು ಒಲಿಯುವುದೂ ಹೆಚ್ಚು ಅಂತ ಎರಡು ವರ್ಷದ ನಂತರ ಗೊತ್ತಾಯಿತು.

“ಅಂದ್ರೆ ಪರದೆ ಬರೆದವನು ಗಂಡು, ಬರೆಸಿದವಳು ಹೆಣ್ಣು,” ಅಂದರು ಅಕ್ಕ, ಕಾಯಿ ನಾರು ತೆಗೆಯುತ್ತಾ.

ಇದೇ ಮಾತು ಹೇಳಿ ಡಾರ್ವಿನ್ ಒಂದು ಕಾಲಕ್ಕೆ ಕೇಳುವವರಿಲ್ಲದೆ ಕೂತಿದ್ದ. ನವಿಲುಗರಿ ಕಂಡರೇ ವಾಕರಿಕೆ ಬರುತ್ತದೆ ಅಂತ 1860ರಲ್ಲಿ ಸ್ನೇಹಿತನಿಗೆ ಕಾಗದ ಬರೆದಿದ್ದನಂತೆ. ಬದುಕುಳಿಯಲು ಒಂದಿಷ್ಟೂ ನೆರವಾಗದ, ನಾಯಿ ನರಿಗೆ ಸುಲಭವಾಗಿ ಸಿಕ್ಕಿಸುವ ಆ ಬಾಲ ಅವನ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. 1871ರ ಪುಸ್ತಕದಲ್ಲಿ ಉತ್ತರ ಕೊಟ್ಟ: ತಲೆತಲಾಂತರದಿಂದ ಹೆಣ್ಣುಗಳು ಚೆಂದದ್ದನ್ನೇ ಆರಿಸಿದ್ದರಿಂದ ಬಾಲ ಬೆಳೆಯಿತು. ಹೆಣ್ಣು ಹಕ್ಕಿಗೆ ರುಚಿ ಅನ್ನುವುದೊಂದು ಇದೆ ಎಂಬುದನ್ನು ಅವನ ಜೊತೆಗಾರ ವಾಲೇಸನೇ ಒಪ್ಪಲಿಲ್ಲ. ಹೆಣ್ಣು ಆರಿಸುತ್ತಾಳೆ ಎಂಬ ಮಾತು ಪಂಡಿತರಿಗೆ ಜೀರ್ಣವಾಗಲು ಹೆಚ್ಚುಕಡಿಮೆ ನೂರು ವರ್ಷ ಹಿಡಿಯಿತು.

ಹೆಣ್ಣಿನ ಕಣ್ಣನ್ನು ಪಕ್ಕಕ್ಕಿಟ್ಟರೆ ಏನಾಗುತ್ತದೆಂದು ನೋಡಬೇಕಾದರೆ ದೂರ ಹೋಗಬೇಕಿಲ್ಲ, ಕುಣಿಗಲ್ ಇದೆ. ಟಿಪ್ಪು ಕಾಲದ್ದು ಎಂಬ ಹೆಸರು ಹೊತ್ತ ಅಲ್ಲಿನ ಸ್ಟಡ್ ಫಾರಂ ರೇಸ್ ಕುದುರೆಗಳಿಗೆ ಹೆಸರಾದದ್ದು. ರೇಸಿನ ಥರೋಬ್ರೆಡ್ ತಳಿಗೆ ಪ್ರಪಂಚದಲ್ಲೆಲ್ಲೂ ಇಂಜೆಕ್ಷನ್ ಗರ್ಭ ನಡೆಯುವುದಿಲ್ಲ, ಗಂಡು ಹೆಣ್ಣು ಕೂಡಲೇಬೇಕು. ಆದರೆ ಯಾವ ಗಂಡು ಎಂದು ಗೊತ್ತುಮಾಡುವುದು ವಂಶಾವಳಿ ಪುಸ್ತಕ ಹಿಡಿದ ಮನುಷ್ಯ. ಇಂಥ ಫಾರಂಗಳಲ್ಲಿ ಹೆಣ್ಣು ಕುದುರೆ ಹದಕ್ಕೆ ಬಂದಿದೆಯೇ ಎಂದು ತಿಳಿಯಲು ಒಂದು ಬಡಪಾಯಿ ಗಂಡನ್ನು ಮೊದಲು ಹತ್ತಿರ ಬಿಟ್ಟು, ಅದು ಕೆನೆದು ಒಲಿಸಿಕೊಳ್ಳುವ ಹೊತ್ತಿಗೆ ಎಳೆದುಕೊಂಡು ಹೋಗುತ್ತಾರೆ. ಆಮೇಲೆ ಬೆಲೆಬಾಳುವ ವರ ಬರುತ್ತಾನೆ. ಅಲ್ಲಿ ಬೇಕಾದ್ದು ಓಟ, ಓಟ ಬಂದಿದೆ. ಬಣ್ಣದ ಬಾಲ, ಅರೆಗೂಡು, ನೀಲಿ ಮುಚ್ಚಳದ ಅಂಗಳ ಅಲ್ಲಿ ಹುಟ್ಟುವ ಹಾಗೇ ಇಲ್ಲ. ಅವನ್ನು ಕೇಳುವವಳೇ ಇಲ್ಲವಲ್ಲ.

ಮೇಷ್ಟ್ರು ಮತ್ತೆ ಮನೆ ಮಾತಿಗೆ ಬಂದರು. “ಕುಣಿಗಲ್ ಪಕ್ಕದ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರೀಲಿ 2022ರಲ್ಲಿ ವಧು–ವರರ ಸಮಾವೇಶ ಮಾಡಿದ್ರಲ್ಲ. 10,000ಕ್ಕೂ ಮೇಲೆ ಗಂಡು, 250ರ ಹತ್ತಿರ ಹೆಣ್ಣು. ಮರುವರ್ಷ ಮಂಡ್ಯ ಕಡೆ ಹುಡುಗರು ಹೆಣ್ಣು ಸಿಗಲಿ ಅಂತ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆನೇ ಹೋದ್ರು. ಹುಡುಗೀರು ಇಷ್ಟೊಂದು ಆರಿಸಿದ್ರೆ ಹೆಂಗ್ರೀ?”

“ಆರಿಸೋದೊಂದೇ ಕಾರಣಾನಾ?” ಅಕ್ಕನ ಕೈ ನಿಂತಿತು. “ಹೊಟ್ಟೇಲಿರುವಾಗಲೇ ಹೆಣ್ಣು ಬೇಡ ಅಂದೋರು ಯಾರು?” 2011ರ ಜನಗಣತಿಯಲ್ಲಿ ಕರ್ನಾಟಕದ ಆರು ವರ್ಷದೊಳಗಿನ ಮಕ್ಕಳಲ್ಲಿ 1000 ಗಂಡಿಗೆ 948 ಹೆಣ್ಣು. ಗೀಜಗ ಈ ಕೆಲಸ ಮಾಡುವುದಿಲ್ಲ.

ಮೇಷ್ಟ್ರು ಮಾತು ಬದಲಿಸಲು, “ಹೋಗಲಿ, ಆ ಹೆಣ್ಣು ಹಕ್ಕಿ ಒಳಗೆ ಹೊಕ್ಕು ಏನನ್ನ ನೋಡುತ್ತಂತೆ? ನೇಯ್ಗೇನಾ?” ಅಂದರು. ಅದಕ್ಕೂ ಉತ್ತರ ಇದೆ. ಸುಹೇಲ್ ಕ್ವಾದರ್ ಎಂಬ ಪಕ್ಷಿತಜ್ಞರು ಕಂಡುಕೊಂಡಂತೆ ಹೆಣ್ಣು ಗೀಜಗಕ್ಕೆ ನೇಯ್ಗೆಯ ಅಂದಕ್ಕಿಂತ ಗೂಡು ಎಲ್ಲಿದೆ ಎಂಬುದೇ ಮುಖ್ಯ. ಎತ್ತರದಲ್ಲಿರಬೇಕು, ಹಾವು ಹತ್ತಿ ಬರಲಾಗದಂಥ ಸಣ್ಣ ಕೊಂಬೆಯಲ್ಲಿರಬೇಕು. ಮೊಟ್ಟೆಯ ಮೇಲೆ ಒಬ್ಬಳೇ ಕೂರಬೇಕಾದವಳ ಲೆಕ್ಕ ಅದು.

“ನಿಮ್ಮ ಹುಡುಗನಿಗೂ ಅದನ್ನೇ ಹೇಳಿ,” ಅಕ್ಕ ಮೊರ ಎತ್ತಿಕೊಂಡು ಎದ್ದರು. “ಬಾಗಿಲ ಕೆತ್ತನೆ ಆಮೇಲೆ. ತೋಟದ ಮನೆಯಿಂದ ಬಸ್ಸಿಗೆ ಎಷ್ಟು ದೂರ, ಆ ಹುಡುಗಿ ಓದಿದ್ದಕ್ಕೆ ಗುಬ್ಬೀಲೋ ತುಮಕೂರಲ್ಲೋ ಒಂದು ಕೆಲಸ ಮಾಡಬಹುದಾ, ಮೊದಲು ಅದನ್ನ ಹೇಳಲಿ. ಕೊಂಬೆ ನೋಡೋಕೆ ಬಂದೋಳಿಗೆ ಕೆತ್ತನೆ ತೋರಿಸಿ ಕಳಿಸ್ತಿದ್ದೀರಿ.”